ವಿಳಾಸ ಬರೆಯದ ಉತ್ತರ

ಸೂರತ್,
ಸೋಮವಾರ, 3 ನವೆಂಬರ್ 2003

ಪ್ರೀತಿಯ ವಿಂಧ್ಯಾ,

ಯಾವಾಗಲೂ ಬರೆಯುವ ಹಾಗೆ ‘ಚಿ.’ ಎಂದು ಹಾಕಿ, ‘ಅನೇಕ ಆಶೀರ್ವಾದಗಳು’ ಎಂದು ಸುರು ಮಾಡಿ, ಆಮೇಲೆ ಅದನ್ನು ಗೀಚಿ ಹಾಕಿದ್ದೇನೆ. ಮೇಲೆ ಕಾಣುವ ಶಾಯಿಯ ಕಲೆ ಅದರದೇ. ಯಾಕೆ ಗೀಚಿದೆ ಎನ್ನುವುದು ಈ ಪತ್ರ ಮುಗಿಯುವುದರೊಳಗೆ ನಿನಗೆ ತಿಳಿಯುತ್ತದೆ, ಸ್ವಲ್ಪ ತಡೆದುಕೋ. ಮೊದಲು ನಿನ್ನ ಆರೋಗ್ಯ ಹೇಗಿದೆ ಹೇಳು. ಆ ತಲೆನೋವು ಹೋಯಿತೇ? ವಡೋದರಾದ ಹಾಸ್ಟೆಲಿನಲ್ಲಿ ಬೇಳೆಗೆ ಬೆಲ್ಲ ಹಾಕುತ್ತಾರೆ, ಅದು ನಿನ್ನ ಗಂಟಲಲ್ಲಿ ಇಳಿಯುವುದಿಲ್ಲ, ಅರ್ಧ ಹೊಟ್ಟೆಯಲ್ಲೇ ಮಲಗುತ್ತೀ ಎಂದು ನನಗೆ ಗೊತ್ತು. ಹೋದ ತಿಂಗಳು ಕಳಿಸಿದ ಶೇಂಗಾ ಚಟ್ನಿ ಮುಗಿದಿರಬೇಕು. ಫೋನ್ ಮಾಡಿ ಕೇಳೋಣವೆಂದರೆ ವಾರ್ಡನ್ ರಿಸೀವರ್ ಎತ್ತಿಕೊಂಡು ‘ವಿಂಧ್ಯಾಬೆನ್ ರೂಮ್ ಮೇ ನಹೀಂ ಹೈ’ ಅನ್ನುತ್ತಾಳೆ. ನೀನು ಅವಳ ಪಕ್ಕದಲ್ಲೇ ನಿಂತು ‘ಇಲ್ಲ ಅನ್ನು’ ಎಂದು ಕೈಯಾಡಿಸುತ್ತಿರುತ್ತೀ. ಹೆತ್ತವಳಿಗೆ ಅಷ್ಟು ತಿಳಿಯದೇ? ಇರಲಿ, ಸಿಟ್ಟು ನಿನಗೆ ಸಲ್ಲುತ್ತದೆ. ದೀಪಾವಳಿಗೂ ನೀನು ಬರಲಿಲ್ಲ. ಪಕ್ಕದ ಮನೆಯ ಸುಶೀಲಾಬೆನ್ ನಿನಗೆಂದೇ ತೆಗೆದಿಟ್ಟಿದ್ದ ಘಾರಿ ಮಿಠಾಯಿಯ ತುಪ್ಪ ಹೆಪ್ಪುಗಟ್ಟಿ, ಕೊನೆಗೆ ನಾನೇ ಕೆಲಸದವಳಿಗೆ ಕೊಟ್ಟೆ.

ಇಲ್ಲಿ ಅಪ್ಪ ಚೆನ್ನಾಗಿದ್ದಾರೆ ಎಂದು ಬರೆದರೆ ಅರ್ಧ ಸುಳ್ಳು. ಬ್ಯಾಂಕಿಗೆ ಹೋಗುತ್ತಾರೆ, ಬರುತ್ತಾರೆ, ಟಿವಿಯ ಮುಂದೆ ಕೂರುತ್ತಾರೆ, ಟಿವಿ ಮಾತ್ರ ಹಚ್ಚುವುದಿಲ್ಲ. ‘ಆ ಕೆಲಸಾನ ಬಿಡು. ಈ ವರ್ಷ ಲಗ್ನಾ ಮಾಡಿ ಮುಗಸೋಣ, ಎಲ್ಲಾ ತಾನ ತಣ್ಣಗಾಗತದ’ ಎಂದು ಆ ದಿನ ನಿನಗೆ ಹೇಳಿದ್ದಕ್ಕೆ ಈಗ ಒಳಗೊಳಗೇ ಸುಡುತ್ತಿದ್ದಾರೆ. ಬಾಯಿಬಿಟ್ಟು ಹೇಳುವ ಜಾತಿಯಲ್ಲ, ನಿನಗೆ ಗೊತ್ತಲ್ಲ. ಆದರೆ ನಿನ್ನೆ ಭಾನುವಾರ ಕಂಪ್ಯೂಟರಿನ ಆ ದೊಡ್ಡ ಡಬ್ಬಿಯನ್ನು, ನೀನು ಸಿಪಿಯು ಅನ್ನುತ್ತೀಯಲ್ಲ ಅದನ್ನು, ಹಳೆಯ ಸೊಲ್ಲಾಪುರ ಚಾದರದಲ್ಲಿ ಸುತ್ತಿ, ನೂಲಿನ ಹಗ್ಗ ಬಿಗಿದು, ಬಾಗಿಲ ಪಕ್ಕ ಇಟ್ಟಿದ್ದಾರೆ. ಬುಧವಾರಕ್ಕೆ ರಜೆ ಹಾಕಿದ್ದಾರೆ. ‘ಗಾಡಿಯೊಳಗ ತೊಡಿ ಮ್ಯಾಲೆ ಇಟ್ಕೊಂಡ ಒಯ್ತೀನಿ. ಕೆಳಗಿಟ್ರ ಅಲುಗಾಡಿ ಏನರ ಆದೀತು’ ಅನ್ನುತ್ತಾರೆ. ನಾನು ನಿನ್ನೆಯಿಂದ ಇಪ್ಪತ್ತು ಸಲ ಆ ಗಂಟನ್ನು ಬಳಸಿಕೊಂಡು ಓಡಾಡಿದ್ದೇನೆ. ಅದರೊಳಗೆ ಏನೂ ಇಲ್ಲ, ವಿಂಧ್ಯಾ. ನೀನು ಗುರುವಾರ ಕಂಪನಿಯ ಕಮಿಟಿಯ ಮುಂದೆ ತೆರೆದು ತೋರಿಸಬೇಕೆಂದು ನಂಬಿ ಕೂತಿರುವ ಆ ಹನ್ನೊಂದು ಪತ್ರಗಳು ಅದರಲ್ಲಿ ಇಲ್ಲ. ನಾನೇ ಅಳಿಸಿ ಹಾಕಿಸಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಈ ಸಾಲು ಬರೆದು ಎದ್ದು ಹೋಗಿ ಎರಡು ಲೋಟ ನೀರು ಕುಡಿದು ಬಂದಿದ್ದೇನೆ. ನೀನು ಪತ್ರ ಹರಿದು ಒಗೆಯಬೇಡ, ಮುಂದೆ ಓದು. ಇದಕ್ಕಿಂತ ದೊಡ್ಡ ತಪ್ಪು ಇನ್ನೂ ಹೇಳುವುದಿದೆ.

ಎಲ್ಲಿಂದ ಸುರು ಮಾಡಲಿ? ನೀನು ನನಗೆ ಈಮೇಲ್ ಕಲಿಸಿದ ದಿನದಿಂದಲೇ ಹೇಳುತ್ತೇನೆ. ಮನೆಗೆಲ್ಲ ನಿನ್ನ ಹೆಸರಿನ ಒಂದೇ ಈಮೇಲ್. ಧಾರವಾಡದ ಭೀಮಸೇನ ಮಾಮಾಗೆ ಪತ್ರ ಬರೆಯಲೆಂದು ನೀನು ನನ್ನನ್ನು ಆ ಕುರ್ಚಿಯ ಮೇಲೆ ಕೂರಿಸಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದಕ್ಕೆ ನನ್ನ ಒಂದು ಬೆರಳಿಗೆ ಒಂದು ಗಂಟೆ ಹಿಡಿಯುತ್ತಿತ್ತು. ನಾನು ‘ಭೀಮಸೇನನಿಗೆ ಅನೇಕ ಆಶೀರ್ವಾದಗಳು, ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ಎಂದು ಕುಟ್ಟಿದಾಗ ನೀನು ಹೊಟ್ಟೆ ಹಿಡಿದು ನಕ್ಕಿದ್ದೆ. ‘ಅವ್ವಾ, ಈಮೇಲ್‌ನಾಗ ಯಾರೂ ಆಶೀರ್ವಾದ ಬರಿಯೂದಿಲ್ಲ’ ಎಂದೆ. ಬರೆಯದಿದ್ದರೆ ಅದು ಪತ್ರ ಹೇಗಾದೀತು ಎಂದು ನಾನು ವಾದ ಮಾಡಿದೆ. ‘ಆತು ಮಾರಾಯ್ತಿ, ಬರಿ. ಉತ್ತರಾ ಕೊಡಬೇಕಾದ್ರ ಈ ರಿಪ್ಲೈ ಅನ್ನೂದನ್ನ ಒತ್ತು. ವಿಳಾಸಾ ಗಿಳಾಸಾ ಏನೂ ಬರೀಬ್ಯಾಡ, ತಾನ ಹೋಗಿ ಮುಟ್ಟತದ’ ಎಂದು ತಲೆ ಸವರಿ ಹೋದೆ. ಅದೊಂದು ಸುಖದ ದಿನ ಎಂದು ನನಗೆ ಆಗ ಗೊತ್ತಾಗಲಿಲ್ಲ.

ಆಮೇಲೆ ಗಣಪತಿಯನ್ನು ಕಳಿಸಿದ ಮರುದಿನ. ಭೀಮಸೇನ ಮಾಮಾ ಮೊಮ್ಮಗಳ ಹೆಸರಿಡುವ ಫೋಟೋ ಕಳಿಸುತ್ತೇನೆ ಎಂದಿದ್ದ. ಒಂದು ಪತ್ರ ಇಳಿಯುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಆ ನೀಲಿ ಪಟ್ಟಿ ತುಂಬುವುದನ್ನೇ ನೋಡುತ್ತ, ತೊಟ್ಟಿಲು ಹೇಗಿದೆಯೋ, ನಾನು ಕಳಿಸಿದ ಕುಲಾವಿ ಹಾಕಿದ್ದಾರೋ ಇಲ್ಲವೋ ಎಂದುಕೊಂಡು ಕೂತಿದ್ದೆ. ತೆರೆದಾಗ ಕಂಡದ್ದು ಅದು. ಕೂಸು ನೋಡಲು ಕೂತವಳ ಕಣ್ಣಿಗೆ ಅದು ಬಿತ್ತು. ನಾನು ಕೂಗಿದ ಕೂಗಿಗೆ ನೀನು ಬಚ್ಚಲಿನಿಂದ ಒದ್ದೆ ಕಾಲಲ್ಲಿ ಓಡಿ ಬಂದೆ. ಜುಲೈಯಿಂದ ಬರುತ್ತಿವೆ, ನಾನೊಬ್ಬಳೇ ನುಂಗಿಕೊಂಡಿದ್ದೇನೆ ಎಂದು ಆಗ ಹೇಳಿದೆ. ಪ್ರತಿ ಚಿತ್ರದ ಕೆಳಗೂ ಒಂದು ಸಾಲು ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ: ಇವತ್ತು ಹಸಿರು ಚೂಡಿದಾರ ಚೆನ್ನಾಗಿತ್ತು, ಇವತ್ತು ನೀನು ಕೂದಲು ಬಿಟ್ಟಿದ್ದೆ. ಕಳಿಸಿದವನ ಹೆಸರಿಲ್ಲ, ಅಂಕಿ ಅಕ್ಷರ ಬೆರೆಸಿದ ಒಂದು ವಿಳಾಸ ಅಷ್ಟೇ. ಆದರೆ ಹಜೀರಾದ ನಿಮ್ಮ ಕಾರ್ಖಾನೆಯ ಲ್ಯಾಬಿನಲ್ಲಿ ಕನ್ನಡ ಬಲ್ಲವರು ಇಬ್ಬರೇ, ನೀನು ಮತ್ತು ನಿನ್ನ ಮೇಲಧಿಕಾರಿ ಚಂದ್ರಕಾಂತ. ಯುಗಾದಿಗೆ ಹೆಂಡತಿ ಸೀತಾಳನ್ನು ಕರೆದುಕೊಂಡು ಬಂದು, ಅತ್ತಿಗೆಯೆನ್ನುವ ಸಲಿಗೆಯಿಂದ ‘ವೈನಿ, ಹೋಳಿಗಿ ಅಂದ್ರ ನಿಮ್ಮ ಕೈದು’ ಎಂದು ನಾಲ್ಕು ಹಾಕಿಸಿಕೊಂಡು ತಿಂದು, ನನ್ನ ಕಾಲಿಗೆ ಬಿದ್ದು ಹೋದನಲ್ಲ, ಅವನೇ. ಹಾವಿಗೆ ಹಾಲೆರೆಯುವುದು ಎಂಬ ಮಾತನ್ನು ಎಷ್ಟು ಸಲ ಆಡಿದ್ದೆನೋ. ತುಪ್ಪವನ್ನೂ ಎರೆದೆ ಎಂದು ಆ ದಿನ ತಿಳಿಯಿತು.

ನೀನು ಆ ಪತ್ರಗಳನ್ನೆಲ್ಲ ಒಂದು ಕಡೆ ಕೂಡಿಸಿಟ್ಟೆ. ಫ್ಲಾಪಿಯಲ್ಲಿ ಹಿಡಿಯುವುದಿಲ್ಲ, ಹಾಸ್ಟೆಲಿಗೆ ಒಯ್ದರೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ, ಮನೆಯಲ್ಲೇ ಭದ್ರ ಎಂದೆ. ಅಪ್ಪನ ಜೊತೆ ಜಗಳವಾಡಿ, ವಡೋದರಾದ ಆಫೀಸಿಗೆ ವರ್ಗ ಮಾಡಿಸಿಕೊಂಡು ಹೊರಡುವಾಗ ಚೀಲ ಹೆಗಲಿಗೆ ಹಾಕಿ, ‘ಅವ್ವಾ, ಆ ಫೋಲ್ಡರ್ ಮುಟ್ಟಬ್ಯಾಡ. ಅದ ನನ್ನ ಸಾಕ್ಷಿ’ ಎಂದು ಎರಡು ಸಲ ಹೇಳಿದೆ. ನಾನು ಹೂಂ ಎಂದೆ. ಹೂಂ ಎಂದವಳೇ ಅಕ್ಟೋಬರ್ ಮೂರರಂದು, ಆಯುಧಪೂಜೆಯ ಹಿಂದಿನ ದಿನ, ಕತಾರ್‌ಗಾಮಿನಲ್ಲಿ ವಜ್ರದ ಕಾರ್ಖಾನೆಗಳ ಕಂಪ್ಯೂಟರ್ ರಿಪೇರಿ ಮಾಡುತ್ತಾನಲ್ಲ ಹಿತೇಶಭಾಯಿ, ಅವನನ್ನು ಕರೆಸಿದೆ. ಪ್ರತಿ ವರ್ಷ ನಾವು ಅಪ್ಪನ ಸ್ಕೂಟರು, ನನ್ನ ಹೊಲಿಗೆ ಯಂತ್ರ, ಮಿಕ್ಸರು, ಕಂಪ್ಯೂಟರು ಎಲ್ಲಕ್ಕೂ ಕುಂಕುಮ ಹಚ್ಚುತ್ತೇವೆ. ಆ ಹೊಲಸು ಒಳಗೆ ಕೂತಿರುವಾಗ ಅದರ ಹಣೆಗೆ ಹೇಗೆ ಕುಂಕುಮ ಹಚ್ಚಲಿ ಎಂದುಕೊಂಡೆ. ‘ಸಬ್ ಸಾಫ್ ಕರ್ ದೋ, ಕುಛ್ ಭೀ ನಹೀಂ ರೆಹನಾ ಚಾಹಿಯೇ’ ಎಂದೆ. ಅವನು ಎರಡು ಸಲ ಕೇಳಿದ, ಬೆನ್, ಎಲ್ಲ ಹೋಗುತ್ತದೆ, ಹಳೆಯ ಪತ್ರಗಳೂ ಹೋಗುತ್ತವೆ, ನಿಶ್ಚಯವೇ ಎಂದು. ನಿಶ್ಚಯ ಎಂದೆ. ಎರಡು ತಾಸಿನಲ್ಲಿ ಎಲ್ಲ ತೊಳೆದ ಹಾಗಾಯಿತು. ಮರುದಿನ ಮಲ್ಲಿಗೆ ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿ, ಕೈಮುಗಿದೆ. ಮನಸ್ಸು ಎಷ್ಟು ಹಗುರಾಗಿತ್ತು ಎಂದರೆ ನಾನು ಸುಶೀಲಾಬೆನ್ ಜೊತೆ ಸೊಸೈಟಿಯ ಗರ್ಬಾ ನೋಡಲೂ ಹೋದೆ.

ನೀನು ದೂರು ಕೊಟ್ಟದ್ದು ಅದಾದ ಹತ್ತು ದಿನಕ್ಕೆ. ದೂರು ಕೊಡುತ್ತೀ ಎಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಸುಮ್ಮನಾಗುತ್ತೀ, ನಾವೆಲ್ಲ ಸುಮ್ಮನಾದ ಹಾಗೆ ಎಂದುಕೊಂಡಿದ್ದೆ. ನನ್ನ ಕಾಲದಲ್ಲಿ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಏನೋ ತೋರಿಸಿದರೆ ಸೆರಗು ಮುಖಕ್ಕೆ ಹಿಡಿದು ಬಸ್ಸು ಹತ್ತಿಬಿಡುತ್ತಿದ್ದೆವು. ಈಗ ಬಸ್ಸಿಲ್ಲ, ಸೆರಗಿಲ್ಲ. ಮನೆಯ ಒಳಗೇ, ನನ್ನ ದೇವರ ಕೋಣೆಯ ಗೋಡೆಗೆ ಒತ್ತಿದ ಮೇಜಿನ ಮೇಲೇ ಬಂದು ತೋರಿಸಿದರೆ ಹತ್ತುವುದು ಯಾವ ಬಸ್ಸು?

ಮೊನ್ನೆ ಗುರುವಾರ ನಿನ್ನ ಪತ್ರ ಬಂತು. ಆರನೇ ತಾರೀಖಿಗೆ ಎರಡನೆಯ ವಿಚಾರಣೆ, ಬುಧವಾರ ಅಪ್ಪನ ಕೈಯಲ್ಲಿ ಸಿಪಿಯು ಕಳಿಸಿ ಎಂದು ಬರೆದಿದ್ದೀ. ಆ ವಿಳಾಸ ತನ್ನದಲ್ಲವೇ ಅಲ್ಲ, ತಾನು ಅದನ್ನು ನೋಡಿಯೇ ಇಲ್ಲ ಎಂದು ಚಂದ್ರಕಾಂತ ಬರಹದಲ್ಲಿ ಕೊಟ್ಟಿದ್ದಾನೆ ಎಂದೂ, ಚಿತ್ರಗಳೇ ಕೈಗೆ ಸಿಗದಿದ್ದರೆ ಹುಡುಗಿ ಮೇಲಧಿಕಾರಿಯ ಮೇಲೆ ಹಗೆ ತೀರಿಸುತ್ತಿದ್ದಾಳೆ ಎಂದು ತೀರ್ಮಾನ ಮಾಡಿ ನಿನ್ನನ್ನೇ ಮನೆಗೆ ಕಳಿಸುತ್ತಾರೆ ಎಂದೂ ಬರೆದಿದ್ದೀ. ಆ ಪತ್ರ ಓದಿದ ಮೇಲೆ ನಾನು ಏನು ಮಾಡಿದೆ ಗೊತ್ತೇ? ಮರುದಿನ ಅಪ್ಪ ಬ್ಯಾಂಕಿಗೆ ಹೋದ ಮೇಲೆ ಒಬ್ಬಳೇ ಪೊಲೀಸ್ ಠಾಣೆಗೆ ಹೋದೆ. ಹೌದು, ನಾನೇ. ಐವತ್ತೊಂದು ವರ್ಷಕ್ಕೆ ಮೊದಲ ಸಲ. ಅಲ್ಲಿದ್ದವರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು. ‘ಕ್ಯಾ ಥಾ ಫೋಟೋ ಮೇ, ಮಾಜಿ?’ ಎಂದು ಕೇಳಿದರು. ‘ಗಂದಾ’, ಹೊಲಸು, ಎಂದೆ. ಎಂಥಾ ಗಂದಾ ಎಂದರು. ಮತ್ತೆ ಗಂದಾ ಎಂದೇ ಅಂದೆ. ಇಂಥ ಕಂಪ್ಯೂಟರ್ ಕೇಸನ್ನು ತಾವು ತನಿಖೆ ಮಾಡುವ ಹಾಗಿಲ್ಲ, ಡಿವೈಎಸ್‌ಪಿ ದರ್ಜೆಯ ಸಾಹೇಬರೇ ಆಗಬೇಕು, ಕಾಯ್ದೆಯೇ ಹಾಗಿದೆ, ಹುಡುಗಿಯನ್ನೂ ಆ ಪತ್ರಗಳನ್ನೂ ಕರೆದುಕೊಂಡು ಬನ್ನಿ ಎಂದರು. ಹುಡುಗಿ ನನ್ನ ಜೊತೆ ಮಾತಾಡುವುದಿಲ್ಲ, ಪತ್ರಗಳನ್ನು ನಾನು ತೊಳೆದು ಕುಂಕುಮ ಹಚ್ಚಿದ್ದೇನೆ ಎಂದು ಹೇಗೆ ಹೇಳಲಿ?

ಶನಿವಾರ ಅಹಮದಾಬಾದಿಗೆ ಹೋಗಿ ಬಂದೆ. ಸುಶೀಲಾಬೆನ್ ತಂಗಿ ನೀಲಾಬೆನ್ ಅಲ್ಲಿ ವಕೀಲರು. ದೀಪಾವಳಿ ರಜೆ ಮುಗಿದು, ಲಾಭಪಂಚಮಿ ಕಳೆದು ಆಫೀಸು ಆಗಷ್ಟೇ ತೆರೆದಿದ್ದರು, ಬಾಗಿಲಿಗೆ ತೋರಣ ಇನ್ನೂ ಹಸಿಯಾಗಿತ್ತು. ಅಪ್ಪನಿಗೆ ಕನ್ನಡ ಸಂಘದವರ ಮನೆಯ ಅರಿಶಿನ ಕುಂಕುಮ ಎಂದು ಸುಳ್ಳು ಹೇಳಿದ್ದೆ. ನೀಲಾಬೆನ್ ನನಗಿಂತ ಚಿಕ್ಕವಳು, ಮಾತು ಕತ್ತರಿ. ಅವಳು ಹೇಳಿದ್ದನ್ನು ನನ್ನ ಅಡುಗೆಯ ನೋಟ್‌ಬುಕ್ಕಿನಲ್ಲಿ, ಬಿಸಿಬೇಳೆ ಪುಡಿಯ ಪಕ್ಕದಲ್ಲೇ ಬರೆದುಕೊಂಡಿದ್ದೇನೆ. ಮೂರು ವರ್ಷದ ಹಿಂದೆ ಬಂದ ಐಟಿ ಕಾಯ್ದೆಯಲ್ಲಿ ಅರವತ್ತೇಳನೇ ಸೆಕ್ಷನ್ ಇದೆಯಂತೆ, ಅಶ್ಲೀಲವಾದದ್ದನ್ನು ಹೀಗೆ ರವಾನಿಸಿದವನಿಗೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಲಕ್ಷ ರೂಪಾಯಿಯವರೆಗೆ ದಂಡ. ಹೆಣ್ಣಿನ ಮಾನಕ್ಕೆ ಕುಂದು ತರಬೇಕೆಂದೇ ಇಂಥದ್ದನ್ನು ತೋರಿಸಿದರೆ ಹಳೆಯ ಪೀನಲ್ ಕೋಡಿನ ಐನೂರ ಒಂಬತ್ತು ಕೂಡ ಬೀಳುತ್ತದೆ, ಒಂದು ವರ್ಷ. ನಿಮ್ಮ ಕಂಪನಿಯ ಕಮಿಟಿಯೂ ಯಾರೋ ದಯೆಯಿಂದ ಮಾಡಿದ್ದಲ್ಲ, ಸುಪ್ರೀಂ ಕೋರ್ಟು ತೊಂಬತ್ತೇಳರಲ್ಲೇ ಹೇಳಿದೆ, ಹೆಂಗಸೇ ಮುಖ್ಯಸ್ಥೆ ಇರಬೇಕು, ಹೊರಗಿನ ಸಂಸ್ಥೆಯವರೊಬ್ಬರು ಕೂತಿರಬೇಕು, ಇಂಥ ಚಿತ್ರ ತೋರಿಸುವುದೂ ಕಿರುಕುಳವೇ ಎಂದು. ಇಷ್ಟೆಲ್ಲ ದಾರಿಗಳಿವೆ ಎಂದು ಕೇಳಿದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎಲ್ಲ ದಾರಿಯ ಬಾಯಿಗೂ ನಾನೇ ಕಲ್ಲು ಇಟ್ಟು ಬಂದಿದ್ದೆನಲ್ಲ.

ಅಳಿಸಿದ ಸಂಗತಿ ಅವಳಿಗೆ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಅಳಿಸಿದ್ದನ್ನು ಪೊಲೀಸರ ಲ್ಯಾಬಿನಲ್ಲಿ ಕೆಲವೊಮ್ಮೆ ಮತ್ತೆ ತೆಗೆಯುತ್ತಾರಂತೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕಂಪ್ಯೂಟರಿನಿಂದ ತೆಗೆದ ಕಾಗದ ಕೋರ್ಟಿಗೆ ಕೊಡಬೇಕಾದರೆ ಆ ಯಂತ್ರ ನೋಡಿಕೊಳ್ಳುವವರು ಸರ್ಟಿಫಿಕೇಟ್ ಬರೆದುಕೊಡಬೇಕಂತೆ. ನಮ್ಮ ಮನೆಯಲ್ಲಿ ನೋಡಿಕೊಳ್ಳುವವಳು ನಾನು. ಏನೆಂದು ಬರೆದುಕೊಡಲಿ? ಕೊನೆಗೆ ಅವಳು ಕೇಳಿದಳು, ‘ದೇಖಾ ಕಿಸ್ ನೇ ಹೈ?’ ನಾನೇ ನೋಡಿದ್ದು ಎಂದೆ. ನೀನು ಹೋದ ಮೇಲೆ ನಾನು ಆ ಹನ್ನೊಂದನ್ನೂ ಒಂದೊಂದಾಗಿ ತೆರೆದು ನೋಡಿದ್ದೆ, ವಿಂಧ್ಯಾ. ನಿನ್ನ ಮೇಲೆ ಏನೇನು ಬಿದ್ದಿದೆ ಎಂದು ತಿಳಿಯದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ‘ತೋ ಆಪ್ ಗವಾಹ್ ಹೈಂ’, ಹಾಗಾದರೆ ನೀವೇ ಸಾಕ್ಷಿ, ಎಂದಳು. ಕಮಿಟಿ ಎಂದರೆ ಕೋರ್ಟಲ್ಲ, ಕಣ್ಣಾರೆ ಕಂಡವರ ಮಾತಿಗೆ ಅಲ್ಲಿ ತೂಕವಿದೆ, ಆದರೆ ಗಂದಾ ಗಿಂದಾ ಅಂದರೆ ನಡೆಯುವುದಿಲ್ಲ, ಏನು ಕಂಡಿರೋ ಅದನ್ನು ಹೆಸರು ಹಿಡಿದು ಹೇಳಬೇಕು ಎಂದಳು. ಸರಿ, ಇಲ್ಲೇ ಸುರು ಮಾಡುತ್ತೇನೆ. ಗಂಡಸಿನ ಬತ್ತಲೆ ಮೈಯ ಚಿತ್ರಗಳು, ಮುಖವಿಲ್ಲದವು. ಹನ್ನೊಂದು. ನನ್ನ ಮಗಳ ಹೆಸರಿಗೆ ಬಂದವು. ನೋಡು, ಬರೆದೆ. ಮನೆಯ ಮಾಳಿಗೆ ಏನೂ ಕುಸಿಯಲಿಲ್ಲ.

ಈಗ ದೊಡ್ಡ ತಪ್ಪು. ನೀಲಾಬೆನ್‌ಗೂ ಇದನ್ನು ಹೇಳಲಾಗಲಿಲ್ಲ.

ನೀನು ಪತ್ರದ ಜೊತೆ ಒಂದು ಜೆರಾಕ್ಸ್ ಇಟ್ಟಿದ್ದೀ. ಮೊದಲ ವಿಚಾರಣೆಯಲ್ಲಿ ಚಂದ್ರಕಾಂತ ಕಮಿಟಿಗೆ ಕೊಟ್ಟ ಕಾಗದ. ಈ ಕುಟುಂಬಕ್ಕೂ ನನಗೂ ಎಂಥ ಸಲಿಗೆಯಿದೆ ನೋಡಿ, ಹುಡುಗಿಯ ತಾಯಿಯೇ ನನಗೆ ಬರೆದಿದ್ದಾರೆ ಎಂದು ತಾನೇ ಇಂಗ್ಲಿಷಿಗೆ ಮಾಡಿ ಓದಿದನಂತೆ. ‘ಅವ್ವಾ, ನಿನ್ನ ಮಾತಿನ ಧಾಟಿ ಸೈತ ಕದ್ದಾನ. ನಮ್ಮವ್ವ ಇಂಥಾದ್ದ ಕನಸಿನಾಗೂ ಬರಿಯೂದಿಲ್ಲ, ಇದು ಸುಳ್ಳು ಪತ್ರ, ಖರೇ ಅಂತ ಗೊತ್ತಾದ್ರ ನನ್ನ ರಾಜೀನಾಮೆ ತಗೋರಿ ಅಂತ ಗುರುವಾರ ಬರದು ಕೊಡಾಕಿದ್ದೀನಿ’ ಅಂದಿದ್ದೀಯಲ್ಲ. ಕೊಡಬೇಡ, ನನ್ನವ್ವಾ, ಕೊಡಬೇಡ. ಅದು ಸುಳ್ಳು ಪತ್ರವಲ್ಲ. ನಾನೇ ಬರೆದದ್ದು.

ಸೆಪ್ಟೆಂಬರ್ ಕೊನೆಯಲ್ಲಿ, ನೀನು ಹೋದ ಮೇಲೆ, ಮನೆಯ ಕಂಪ್ಯೂಟರಿಗೆ ಹನ್ನೊಂದನೆಯದು ಬಂತು. ಬಂತೆಂದಷ್ಟೇ ನಿನಗೆ ಬರೆದು ತಿಳಿಸಿದ್ದೆ. ಕೆಳಗೆ ‘ವಡೋದರಾದ ಹವಾ ಹೇಗಿದೆ’ ಎಂದಿತ್ತು. ಅಲ್ಲಿಗೂ ಬೆನ್ನು ಹತ್ತಿದ ಎಂದು ಹೆದರಿದೆ. ಹಿರಿಯಳಾಗಿ ನಾನೊಂದು ಮಾತು ಹೇಳಿದರೆ ನಾಚಿಕೊಂಡು ಬಿಟ್ಟಾನು, ಬೈದರೆ ಇನ್ನಷ್ಟು ಕೆರಳಿಯಾನು, ನಯವಾಗಿ ಹೇಳೋಣ ಎಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಒಂದು ಬೆರಳಲ್ಲಿ ಕುಟ್ಟಿ ಕಳಿಸಿದೆ. ತಾರೀಖು ಹಾಕಿದ ಆ ಹಾಳೆ ಈಗಲೂ ಇದೆ. ‘ಚಿ. ಚಂದ್ರಕಾಂತನಿಗೆ ನಳಿನಿ ವೈನಿಯ ಅನೇಕ ಆಶೀರ್ವಾದಗಳು. ನಾವು ಕ್ಷೇಮ. ಬಾಣಂತನಕ್ಕೆ ಹೋದ ಸೀತಾಳ ಆರೋಗ್ಯ ಹೇಗಿದೆ? ಆದದ್ದು ಆಯಿತು. ನಾವು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ನೀನು ನಮ್ಮ ಮನೆಯವನು. ಹುಡುಗಿಯ ಮನಸ್ಸು ಮೃದು, ನೋಯಿಸಬೇಡ. ಒಂದು ದಿನ ಊಟಕ್ಕೆ ಬಾ, ಕೂತು ಮಾತಾಡೋಣ.’ ಇಷ್ಟೇ. ಆ ಚಿತ್ರಗಳ ಹೆಸರನ್ನು ನಾನು ಎಲ್ಲಿಯೂ ಎತ್ತಲಿಲ್ಲ, ನನ್ನ ಬೆರಳಿಗೆ ಆ ಶಬ್ದ ಬರಲಿಲ್ಲ. ಈಗ ಕಮಿಟಿಯವರು ಅದನ್ನು ಓದಿದರೆ ಏನು ತಿಳಿಯುತ್ತಾರೆ? ಹೆಂಡತಿ ತವರಿಗೆ ಹೋದ ಗಂಡಸಿಗೂ ನಮ್ಮ ಹುಡುಗಿಗೂ ಏನೋ ಇತ್ತು, ತಾಯಿ ಅದನ್ನು ಮುಚ್ಚಿಡುತ್ತೇನೆ, ಮಗಳ ಮನಸ್ಸು ಮುರಿಯಬೇಡ ಎಂದು ಬೇಡಿಕೊಂಡು ಊಟಕ್ಕೆ ಕರೆದಿದ್ದಾಳೆ ಎಂದೇ. ಹುಟ್ಟಿದಾಗಿನಿಂದ ಪತ್ರ ಎಂದರೆ ಆಶೀರ್ವಾದದಿಂದ ಸುರುವಾಗಬೇಕು ಎಂದು ಕಲಿತವಳು ನಾನು. ಕೋಲು ಕೊಟ್ಟು ಹೊಡೆಸಿಕೊಂಡೆ, ಅದೂ ನನ್ನ ಬೆನ್ನಿಗಲ್ಲ, ನಿನ್ನ ಬೆನ್ನಿಗೆ.

ಆ ಪತ್ರ ಹೋದ ಮೇಲೆ ನಾಲ್ಕೈದು ದಿನ ಏನೂ ಬರಲಿಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟ, ಮುಗಿಯಿತು, ಮಗಳಿಗೆ ಹೇಳುವುದೂ ಬೇಡ ಎಂದು ಬೀಗಿದೆ. ಮುಗಿದ ಮೇಲೆ ಹೊಲಸು ಯಾಕೆ ಇಟ್ಟುಕೊಳ್ಳಬೇಕು ಎಂದೇ ಹಿತೇಶಭಾಯಿಯನ್ನು ಕರೆಸಿದ್ದು. ಈಗ ನಿನಗೆ ಎಲ್ಲ ತಿಳಿಯಿತು. ನೀನು ಸುಳ್ಳು ಪತ್ರ ಎಂದು ಬರೆದುಕೊಟ್ಟರೆ, ಅವರು ನನ್ನನ್ನು ಕರೆಸಿ ಕೇಳಿದರೆ, ನಾನು ನಿಜ ಹೇಳಿ ನಿನ್ನನ್ನು ಮುಳುಗಿಸಬೇಕು, ಇಲ್ಲವೇ ಸುಳ್ಳು ಹೇಳಿ ಆ ಹನ್ನೊಂದರ ಬಗ್ಗೆ ನಾನು ಆಡುವ ಖರೆ ಮಾತನ್ನೂ ಮುಳುಗಿಸಬೇಕು. ಅತ್ತ ದರಿ, ಇತ್ತ ಪುಲಿ. ಮೂರು ದಿನದಿಂದ ದಾರಿ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ನಿನ್ನ ಮೂರು ವರ್ಷದ ಕೆಲಸ, ನಿನ್ನ ಹೆಸರು, ಎಲ್ಲ ನನ್ನ ಒಂದು ಬೆರಳಿನಿಂದ ಹೋಯಿತು ಎಂದುಕೊಂಡರೆ ಈ ಬೆರಳನ್ನೇ ನೋಡಲು ಆಗುತ್ತಿಲ್ಲ. ನನ್ನನ್ನು ಬೈ, ವಿಂಧ್ಯಾ. ಮಾತು ಬಿಡಬೇಡ, ಅಷ್ಟೇ.

ನಾಳೆ ಬೆಳಿಗ್ಗೆ ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ಬುಧವಾರ ನಿನ್ನ ಕೈ ಸೇರಬಹುದು. ಅಪ್ಪನಿಗೆ ಇವತ್ತೇ ಹೇಳುತ್ತೇನೆ, ಆ ಗಂಟನ್ನು ಅವರ ತೊಡೆಯ ಮೇಲೆ ಹೊರಿಸಲಾರೆ. ಕೊನೆಯಲ್ಲಿ ಆಶೀರ್ವಾದ ಎಂದು ಬರೆಯಲು ಪೆನ್ನು ಏಳುತ್ತಿಲ್ಲ, ಒಂದು ಸಲ ಯಾರಿಗೋ ಕೊಟ್ಟು ಕೆಡಿಸಿದ್ದೇನೆ. ಹೊಟ್ಟೆ ತುಂಬ ಉಣ್ಣು. ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ
ಅವ್ವ

ತಾ.ಕ.: ಲಕೋಟೆಯ ಮೇಲೆ ನಿನ್ನ ಹಾಸ್ಟೆಲಿನ ವಿಳಾಸ ಬರೆಯುತ್ತಿದ್ದೆ, ಅರ್ಧಕ್ಕೆ ಕೈ ನಿಂತಿತು. ಅವನ ಪತ್ರಕ್ಕೆ ನಾನು ವಿಳಾಸವನ್ನೇ ಬರೆದಿಲ್ಲ! ಚಂದ್ರಕಾಂತನ ಈಮೇಲ್ ವಿಳಾಸ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹನ್ನೊಂದನೆಯ ಹೊಲಸನ್ನೇ ಮುಂದೆ ತೆರೆದಿಟ್ಟುಕೊಂಡು, ನೀನು ಕಲಿಸಿದ ಹಾಗೆ ರಿಪ್ಲೈ ಒತ್ತಿದೆ. ಅಂದ ಮೇಲೆ ನನ್ನ ಪತ್ರ ಹೋದದ್ದು ಆ ಹೆಸರಿಲ್ಲದ ವಿಳಾಸಕ್ಕೆ. ಅದು ತನ್ನದಲ್ಲ, ಕಂಡೇ ಇಲ್ಲ ಎಂದು ಬರೆದುಕೊಟ್ಟಿದ್ದಾನಲ್ಲ, ಹಾಗಾದರೆ ನನ್ನ ಪತ್ರ ಅವನ ಕೈಗೆ ಎಲ್ಲಿಂದ ಬಂತು? ಜೆರಾಕ್ಸ್ ಮತ್ತೆ ತೆಗೆದು ನೋಡಿದೆ. ‘ಚಿ.’ಯಿಂದ ಸುರುವಾಗಿ ನನ್ನ ಹೆಸರಿಗೆ ಮುಗಿಯುತ್ತದೆ, ಮೇಲೆ ವಿಳಾಸವೂ ಇಲ್ಲ, ಕೆಳಗೆ ಏನೂ ಇಲ್ಲ. ಉತ್ತರದ ಕೆಳಗೆ ಅವರು ಬರೆದದ್ದೂ ಅಂಟಿಕೊಂಡು ಹೋಗುತ್ತದೆ ಎಂದು ಮಾಮಾನ ಪತ್ರದಲ್ಲಿ ನೀನೇ ತೋರಿಸಿದ್ದೆ. ಆ ಕೆಳಗಿನದನ್ನು ಯಾಕೆ ಕತ್ತರಿಸಿದೆ ಎಂದು ಅವನನ್ನು ಕೇಳು. ಯಾವ ವಿಳಾಸಕ್ಕೆ ಬಂತೋ ಅದನ್ನು ಎಲ್ಲರ ಮುಂದೆ ತೆರೆದು ತೋರಿಸು ಎನ್ನು.

ಇದನ್ನು ಅಂಚೆಗೆ ಹಾಕುವುದಿಲ್ಲ. ಅಪ್ಪನಿಗೆ ಎಲ್ಲ ಹೇಳಿದೆ, ಕೇಳಿದವರೇ ನಾಳೆ ಬೆಳಗಿನ ಗಾಡಿಗೆ ಎರಡು ಟಿಕೆಟ್ ತರಲು ಹೋಗಿದ್ದಾರೆ. ನೋಟ್‌ಬುಕ್ ತರುತ್ತಿದ್ದೇನೆ. ಪತ್ರ ವಾರ್ಡನ್ ಕೈಗೆ ಕೊಟ್ಟು ಗೇಟಿನ ಬಳಿ ಕೂತಿರುತ್ತೇವೆ, ಎದುರಿಗೆ ನಿಂತು ಇಷ್ಟು ಹೇಳಲು ನನ್ನಿಂದಾಗದು. ಓದಿ ಮುಗಿಸಿ, ಸಿಟ್ಟು ಇಳಿಯಲಿ ಬಿಡಲಿ, ಕೆಳಗೆ ಬಾ. ಗುರುವಾರ ಮಾತ್ರ ಸುಳ್ಳು ಪತ್ರ ಅನ್ನಬೇಡ. ನಮ್ಮವ್ವ ಬರೆದದ್ದು, ಹೊರಗೆ ಕೂತಿದ್ದಾಳೆ, ಕರೆಯಿರಿ ಅನ್ನು.